ಈಗ ಶಿವರಾತ್ರಿಗೆ ಕಾಯುವುದಿಲ್ಲ

ಬೇಸಿಗೆ ಬಂತೆಂದರೆ ನಾನು ಕಪ್ಪತಗುಡ್ಡದಲ್ಲಿ ಬೆಂಕಿ ಕಾಯುವ ಕೆಲಸಕ್ಕೆ ಹೋಗುತ್ತೇನೆ. ಗದಗ ಜಿಲ್ಲೆಯ ಈ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಔಷಧಿ ಗಿಡಗಳಿಗೆ ಹೆಸರಾದ ಜಾಗ. ದೊಡ್ಡ ಮರ ಕಡಿಮೆ, ಹುಲ್ಲು ಜಾಸ್ತಿ. ಹುಲ್ಲಿಗೆ ಬಿದ್ದ ಬೆಂಕಿ ನಡೆಯುವುದಿಲ್ಲ, ಓಡುತ್ತದೆ.

ಮೊದಲೆಲ್ಲ ನಮ್ಮ ಲೆಕ್ಕ ಸರಳವಾಗಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ, ಅಷ್ಟರೊಳಗೆ ಬೆಂಕಿ ರೇಖೆ ಮುಗಿಸಿದರೆ ಆಯಿತು. ರೇಖೆ ಅಂದರೆ ಉದ್ದಕ್ಕೂ ಒಂದು ಪಟ್ಟಿ ಹುಲ್ಲು ಕೊಯ್ದು, ಸುಟ್ಟು, ನೆಲ ಬೋಳು ಮಾಡುವುದು. ಬೆಂಕಿ ಅಲ್ಲಿಗೆ ಬಂದರೆ ಅದಕ್ಕೆ ತಿನ್ನಲು ಏನೂ ಸಿಗಬಾರದು.

2023ರಲ್ಲಿ ಆ ಲೆಕ್ಕ ತಪ್ಪಿತು. ಹಿಂದಿನ ವರ್ಷ ಮಳೆ ಜೋರಾಗಿತ್ತು, ಹುಲ್ಲು ಎದೆಮಟ್ಟ ಬೆಳೆದಿತ್ತು. ಹಸಿರು ನೋಡಿ ಖುಷಿಪಟ್ಟಿದ್ದೆವು. ಮುಂದೆ ಬಂದ ಫೆಬ್ರವರಿಯ ಹಗಲು ಎಷ್ಟು ಸುಟ್ಟಿತೆಂದರೆ, 1901ರಿಂದ ಈಚೆಗೆ ದೇಶದಲ್ಲಿ ಅಂಥ ಫೆಬ್ರವರಿ ದಾಖಲಾಗಿರಲಿಲ್ಲ. ಶಿವರಾತ್ರಿ 18ಕ್ಕಿತ್ತು. ನಮ್ಮ ರೇಖೆ ಅರ್ಧ ಆಗಿತ್ತು, ಅಗಲ 10 ಅಡಿ. ಒಂದು ಮಧ್ಯಾಹ್ನ ಕೆಳಗಿನ ದಾರಿ ಕಡೆಯಿಂದ ಹೊಗೆ ಎದ್ದಿತು. ಬೇವಿನ ಟೊಂಗೆ ಹಿಡಿದು ರೇಖೆಯ ಹತ್ತಿರ ನಿಂತೆವು. ಉರಿಯುವ ಹುಲ್ಲಿನ ಎಳೆಯೊಂದು ಗಾಳಿಗೆ ಎದ್ದು, ನಮ್ಮ ತಲೆ ಮೇಲಿಂದ ಹಾದು, ಹಿಂದೆ ಬಿತ್ತು. ತಿರುಗಿ ನೋಡುವಷ್ಟರಲ್ಲಿ ಹಾಸಿಗೆಯಷ್ಟು ಜಾಗ ಹೊತ್ತಿಕೊಂಡಿತ್ತು. ಸುಟ್ಟ ಕಪ್ಪು ನೆಲಕ್ಕೆ ಓಡಿ ಜೀವ ಉಳಿಸಿಕೊಂಡೆವು. ರಾತ್ರಿ ತಂಪಾಗಿ ಬೆಂಕಿ ತಾನೇ ಕುಗ್ಗುತ್ತದೆ ಅಂದುಕೊಂಡರೆ ಅವತ್ತು ಇಬ್ಬನಿಯೂ ಬೀಳಲಿಲ್ಲ.

ಬೆಂಕಿ ಹಚ್ಚುವವರು ನಾವೇ, ಮನುಷ್ಯರು. ಬೀಡಿ ತುಂಡು, ಹೊಸ ಹುಲ್ಲು ಚಿಗುರಲಿ ಅಂತ ಗೀರಿದ ಕಡ್ಡಿ. ಆದರೆ ಕಡ್ಡಿ ಬಿದ್ದ ಜಾಗ ಎಷ್ಟು ಒಣಗಿದೆ ಅನ್ನುವುದನ್ನು ಈಗ ಏರುತ್ತಿರುವ ಬಿಸಿ ತೀರ್ಮಾನಿಸುತ್ತಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು. ಮಳೆಗಾಲದಲ್ಲಿ ಅದನ್ನು ಒಮ್ಮೆಲೇ ಸುರಿಯುತ್ತದೆ. ಬೇಸಿಗೆಯಲ್ಲಿ ಅದೇ ಗಾಳಿ ಬಾಯಾರಿ ಹುಲ್ಲಿನ, ಮಣ್ಣಿನ ಪಸೆ ಹೀರುತ್ತದೆ. ನೆರೆ, ಬರ, ಬೆಂಕಿ ಬೇರೆ ಬೇರೆ ಅಂದುಕೊಂಡಿದ್ದೆ. ಒಂದೇ ಬಳ್ಳಿಯ ಕಾಯಿಗಳು.

ಆಮೇಲೆ ನಾನು ಕ್ಯಾಲೆಂಡರ್ ಬಿಟ್ಟು ಹುಲ್ಲನ್ನೇ ಕೇಳತೊಡಗಿದೆ. ಒಂದು ಕಡ್ಡಿ ಕಿತ್ತು ಬೆರಳಿಗೆ ಸುತ್ತುತ್ತೇನೆ. ಬಾಗಿದರೆ ಇನ್ನೂ ಸಮಯವಿದೆ. ಲಟಕ್ ಅಂತ ಮುರಿದರೆ ಕೆಲಸ ಶುರು. ಅಗಲ ಈಗ 20 ಅಡಿ. ಕೊಯ್ದ ಹುಲ್ಲನ್ನು ಪಟ್ಟಿಯ ನಡುವೆ ಎಳೆದು, ಬೆಳಗಿನ ಜಾವ ಗಾಳಿ ಏಳುವ ಮುಂಚೆ ಸುಡುತ್ತೇವೆ. ಬಿಸಿಲು ಏರಿದ ಮೇಲೆ ಕಡ್ಡಿ ಗೀರುವುದಿಲ್ಲ. ಬೆಂಕಿಗೆ ಎದುರು ನಿಲ್ಲುವುದಿಲ್ಲ, ಬಾಲದಿಂದ, ಪಕ್ಕದಿಂದ ಬಡಿಯುತ್ತಾ ಹೋಗುತ್ತೇವೆ. ಏರಿನಲ್ಲಿ ಉರಿಯ ಮೇಲ್ಗಡೆ ಹೋಗುವುದಂತೂ ಬೇಡವೇ ಬೇಡ.

ಇದಕ್ಕಿಂತ ಕಷ್ಟದ ಕೆಲಸ ಮಾತಾಡುವುದು. ಕುರಿ ಕಾಯುವ ಒಬ್ಬ ಅಜ್ಜನ ಹತ್ತಿರ ಕೂತು, "ಯಜ್ಜಾ, ಬೆಂಕಿ ಹಚ್ಚಬ್ಯಾಡ್ರಿ" ಅಂದೆ. "ಹುಲ್ಲು ಹ್ಯಾಂಗ ಚಿಗರತೈತಿ ತಮ್ಮಾ, ಕುರಿಗೆ ಏನ್ ಹಾಕ್ಲಿ?" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಈಗ ರೇಖೆಗೆ ಕೊಯ್ದ ಹುಲ್ಲಿನಲ್ಲಿ ಮೇವಿಗೆ ಬರುವಷ್ಟನ್ನು ಹೊರೆ ಕಟ್ಟಿ ಗುಡ್ಡದ ಬುಡಕ್ಕೆ ಇಳಿಸುತ್ತೇವೆ, ಉಳಿದದ್ದನ್ನು ಮಾತ್ರ ಸುಡುತ್ತೇವೆ. ಹೊಗೆ ಕಂಡರೆ ಮೊದಲು ಫೋನ್ ಮಾಡುವವನು ಆ ಅಜ್ಜನೇ.

ಈ ಸಲ ಡಿಸೆಂಬರ್ ಕೊನೆಗೇ ಕಡ್ಡಿ ಲಟಕ್ ಅಂದಿತು. ಮರುದಿನ ನಸುಕಿನಲ್ಲಿ ಕುಡುಗೋಲು ಹಿಡಿದು ಗುಡ್ಡ ಹತ್ತಿದೆವು.