ಜೋಮ್‌ಸೋಮ್ ವಿಮಾನ ಹಾರದ ದಿನ: ಮುಕ್ತಿನಾಥ ಯಾತ್ರೆಯ ತಂಡವನ್ನು ನಡೆಸುವ ಬಗೆ

ಉಡುಪಿ, ಮಂಗಳೂರು ಕಡೆಯಿಂದ ನೇಪಾಳಕ್ಕೆ ಹೋಗುವ ಯಾತ್ರಾ ತಂಡಗಳ ಕಾರ್ಯಕ್ರಮದಲ್ಲಿ ಮುಕ್ತಿನಾಥಕ್ಕೆ ಅನೇಕ ವೇಳೆ ಒಂದೇ ದಿನವನ್ನು ಇಟ್ಟಿರುತ್ತಾರೆ. ಪೊಖರಾದಿಂದ ಜೋಮ್‌ಸೋಮ್‌ಗೆ ಇಪ್ಪತ್ತು ನಿಮಿಷದ ವಿಮಾನ, ಅಲ್ಲಿಂದ ಜೀಪಿನಲ್ಲಿ ದೇವಸ್ಥಾನದ ಕೆಳಗಿನ ಊರಾದ ರಾಣಿಪೌವಾ, ದರ್ಶನ, ಮರಳಿ ಪೊಖರಾ ಎಂದು ಕಾಗದದ ಮೇಲೆ ಎಲ್ಲವೂ ಸಲೀಸಾಗಿಯೇ ಕಾಣುತ್ತದೆ. ಆದರೆ ಆ ವಿಮಾನ ಹಾರದಿದ್ದರೆ, ಅಥವಾ ಹೋಗುವಾಗ ಹಾರಿ ಮರಳುವಾಗ ಸಿಗದಿದ್ದರೆ, ಉಳಿಯುವುದು ಬೇನಿ, ತಾತೋಪಾನಿ, ಘಾಸಾ ಮಾರ್ಗದ ರಸ್ತೆ ಮಾತ್ರ. ಜೀಪಿನಲ್ಲಿ ಒಂದು ಕಡೆಗೇ ಎಂಟರಿಂದ ಹತ್ತು ಗಂಟೆ ಬೇಕು. ಅಂಥ ದಿನ ಬಂದೇ ಬರುತ್ತದೆ ಎಂದು ಭಾವಿಸಿ ಊರಿನಲ್ಲಿಯೇ ಸಿದ್ಧರಾಗುವುದು ಹೇಗೆ ಎಂಬುದನ್ನು ತಂಡದ ಹೊಣೆ ಹೊತ್ತವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಮಾನದ ಸ್ವಭಾವವನ್ನು ತಿಳಿದಿರಬೇಕು. ಜೋಮ್‌ಸೋಮ್ ಇರುವ ಕಾಳಿ ಗಂಡಕಿ ನದಿಯ ಕಣಿವೆಯು 8,167 ಮೀಟರಿನ ಧೌಲಗಿರಿಗೂ 8,091 ಮೀಟರಿನ ಅನ್ನಪೂರ್ಣಕ್ಕೂ ನಡುವೆ ಹಾದುಹೋಗುತ್ತದೆ. ಹೊತ್ತೇರುತ್ತಿದ್ದಂತೆ ಉತ್ತರದ ಎತ್ತರದ ಒಣನೆಲ ಕಾಯುತ್ತದೆ. ಅಲ್ಲಿ ಮೇಲೇರುವ ಗಾಳಿಯ ಜಾಗಕ್ಕೆ ದಕ್ಷಿಣದ ತಂಪು ಗಾಳಿ ಈ ಇಕ್ಕಟ್ಟಿನ ಕಣಿವೆಯ ಮೂಲಕ ರಭಸದಿಂದ ನುಗ್ಗುತ್ತದೆ. ಆದ್ದರಿಂದಲೇ ವಿಮಾನಗಳು ಬೆಳಗಿನ ಹೊತ್ತಿನಲ್ಲಿ ಮಾತ್ರ ಹಾರುತ್ತವೆ, ಮತ್ತು ಬೆಳಿಗ್ಗೆ ಮೋಡ ಕವಿದು ತಪ್ಪಿದ ವಿಮಾನ ಮಧ್ಯಾಹ್ನ ಸಿಗುವುದಿಲ್ಲ. ಪೊಖರಾದ ವಿಮಾನ ನಿಲ್ದಾಣದಲ್ಲಿ ಆಸೆಯಿಂದ ಕಾಯುತ್ತ ಕುಳಿತರೆ ವಿಮಾನವೂ ಇಲ್ಲ, ಹಗಲಿನ ರಸ್ತೆಯೂ ಇಲ್ಲ ಎಂಬಂತಾಗುತ್ತದೆ. ಎಷ್ಟು ಗಂಟೆಯವರೆಗೆ ಕಾಯುವುದು ಎಂಬುದನ್ನು ಹಿಂದಿನ ರಾತ್ರಿಯೇ ಎಲ್ಲರ ಎದುರಿನಲ್ಲಿ ಹೇಳಿಡಿ. ಒಂಬತ್ತು ಗಂಟೆಯನ್ನು ಮೀರಬಾರದು ಎಂಬುದು ನನ್ನ ಅಭಿಪ್ರಾಯ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿರುವುದರಿಂದ ಕೈಗಡಿಯಾರಗಳನ್ನೂ ಆಗಲೇ ಸರಿಪಡಿಸಿಕೊಳ್ಳಿ.

ವಿಮಾನ ರದ್ದಾದರೆ ರಸ್ತೆಯಲ್ಲಿ ಹೋಗಿ ಅದೇ ದಿನ ಮರಳುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಜೀಪಿನವರು ಒಪ್ಪಿಕೊಂಡರೂ ನೀವು ಒಪ್ಪಬೇಡಿ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಪ್ರಯಾಣ ಮಾಡಿದವರು ಅದನ್ನು ಹತ್ತು ಪಟ್ಟು ಕಡಿದಾಗಿಸಿ, ಒಂದು ಬದಿಗೆ ನದಿಯ ಪ್ರಪಾತವನ್ನಿಟ್ಟು ಊಹಿಸಿಕೊಳ್ಳಬಹುದು. ಬದಲಾಗಿ ಕಾರ್ಯಕ್ರಮದಲ್ಲಿ ಮೊದಲೇ ಒಂದು ಖಾಲಿ ದಿನವನ್ನು ಇಟ್ಟುಕೊಂಡು, ಹೋಗುವ ರಾತ್ರಿ ದಾರಿಯಲ್ಲಿ ಸಿಗುವ ಮಾರ್ಫಾ ಅಥವಾ ಜೋಮ್‌ಸೋಮ್‌ನಲ್ಲಿ ತಂಗಿ, ಮರುದಿನ ಬೆಳಿಗ್ಗೆ ದರ್ಶನ ಮುಗಿಸಿ ಇಳಿಯುವುದು ಸರಿ. ವಿಮಾನದಲ್ಲಿ ಹೋಗಿ ರಸ್ತೆಯಲ್ಲಿ ಮರಳಬೇಕಾಗಿ ಬಂದರೆ, ದರ್ಶನ ತಡವಾದ ದಿನ ಪೊಖರಾದವರೆಗೆ ಹಟ ಹಿಡಿಯದೆ ತಾತೋಪಾನಿಯಲ್ಲಿ ನಿಲ್ಲಿ. ಅಲ್ಲಿನ ಬಿಸಿನೀರಿನ ಬುಗ್ಗೆ ದಣಿದ ಕಾಲುಗಳಿಗೆ ನಿಜಕ್ಕೂ ಹಿತ ನೀಡುತ್ತದೆ. ಮಳೆಗಾಲದಲ್ಲಿ ಈ ರಸ್ತೆಯಲ್ಲಿ ಗುಡ್ಡ ಕುಸಿಯುತ್ತದೆ. ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ನವೆಂಬರ್ ತಂಡಗಳಿಗೆ ತಕ್ಕ ಕಾಲ.

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಎತ್ತರದ ವಿಷಯ. ನಾವು ಕಡಲ ಮಟ್ಟದಲ್ಲಿ ಬದುಕುವವರು. ನಮ್ಮ ಕುದುರೆಮುಖ ಶಿಖರವೇ 1,894 ಮೀಟರ್. ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಪೊಖರಾ ಇರುವುದು ಎಂಟುನೂರು ಮೀಟರಿನ ಆಸುಪಾಸಿನಲ್ಲಿ. ಒಂದೇ ಬೆಳಿಗ್ಗೆ ಇಷ್ಟು ಮೇಲೇರಿದಾಗ ತಲೆನೋವು, ವಾಕರಿಕೆ, ತಲೆಸುತ್ತು ಯಾರಿಗೂ ಬರಬಹುದು. ವಯಸ್ಸು ಚಿಕ್ಕದೆಂಬುದು ರಕ್ಷಣೆಯಲ್ಲ. ನಡೆಯುವಾಗ ಓಲಾಡುವುದು, ಮಾತು ತೊದಲುವುದು, ಕುಳಿತಲ್ಲಿಯೂ ಏದುಸಿರು ಬರುವುದು ಕಂಡರೆ ಅದು ಅಪಾಯದ ಲಕ್ಷಣ, ಅದಕ್ಕೆ ಮೊದಲ ಮದ್ದು ತಡಮಾಡದೆ ಕೆಳಗಿಳಿಸುವುದು. ಅಂಥವರನ್ನು ಒಂಟಿಯಾಗಿ ಕಳುಹಿಸದೆ, ಜೊತೆಗೆ ಇಳಿಯುವವರು ಯಾರೆಂದು ಮೊದಲೇ ನಿಗದಿಪಡಿಸಬೇಕು. ಇಲ್ಲವಾದರೆ ದರ್ಶನ ತಪ್ಪುತ್ತದೆಂಬ ಸಂಕೋಚದಿಂದ ರೋಗಿಯೇ ಬಾಯಿ ಬಿಡುವುದಿಲ್ಲ. ಎತ್ತರದ ಈ ತೊಂದರೆಯನ್ನು ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಊರಿನ ವೈದ್ಯರು ನೋಡಿ ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು, ಸಲ್ಫಾ ಔಷಧಿ ಒಗ್ಗದವರು ಅದನ್ನು ಅವರಿಗೆ ತಪ್ಪದೆ ತಿಳಿಸಬೇಕು. ಹೊರಡುವ ಕೆಲವು ವಾರ ಮೊದಲಿನಿಂದ ಕಾರಿಂಜದ ಮೆಟ್ಟಿಲುಗಳನ್ನು ಹತ್ತಿ ಇಳಿದರೆ ಕಾಲಿಗೆ ಕಸುವು ಬರುತ್ತದೆ, ಆದರೆ ತೆಳುಗಾಳಿಗೆ ಅದರಿಂದ ದೇಹ ಒಗ್ಗುವುದಿಲ್ಲ.

ದೇವಸ್ಥಾನದ ಹಿಂದಿನ 108 ಧಾರೆಗಳ ನೀರು ಮಂಜಿನಷ್ಟೇ ತಣ್ಣಗಿರುತ್ತದೆ. ಹೃದಯದ ತೊಂದರೆ, ರಕ್ತದೊತ್ತಡ ಇರುವ ಹಿರಿಯರು ಆ ಧಾರೆಗಳ ಕೆಳಗೆ ಓಡುವುದು ಬೇಡ. ನೀರನ್ನು ಪ್ರೋಕ್ಷಿಸಿಕೊಂಡರೆ ಸಾಕು. ಈ ಮಾತನ್ನು ಅವರಿಗೆ ಅಲ್ಲಿ ಹೇಳಿದರೆ ಕೇಳುವುದಿಲ್ಲ, ಊರಿನ ಸಭೆಯಲ್ಲಿ ಅವರ ಪುರೋಹಿತರಿಂದಲೇ ಹೇಳಿಸಬೇಕು. ಹಾಗೆಯೇ ನಮ್ಮಲ್ಲಿ ನಿರ್ಜಲ ಏಕಾದಶಿ ಮಾಡುವವರಿದ್ದಾರೆ. ನೀರಿಲ್ಲದ ದೇಹಕ್ಕೆ ಆ ಒಣಗಾಳಿಯಲ್ಲಿ ದಿನ ತಳ್ಳುವುದು ದುಸ್ತರ. ದಿನಾಂಕ ನಿಗದಿ ಮಾಡುವಾಗಲೇ ಪಂಚಾಂಗ ತೆರೆದು ಮುಕ್ತಿನಾಥದ ದಿನವನ್ನೂ ಅದರ ಮರುದಿನವನ್ನೂ ಏಕಾದಶಿಯಿಂದ ದೂರವಿಡಿ. ರಾಣಿಪೌವಾದಿಂದ ಮೇಲಕ್ಕೆ ನಡಿಗೆಯಿದೆ, ಕುದುರೆಯೂ ಸಿಗುತ್ತದೆ. ಮಂಡಿನೋವಿನವರಿಗೆ ಕುದುರೆ ಹಿಡಿಸುವುದರಲ್ಲಿ ಲೋಪವೇನೂ ಇಲ್ಲ. ಕಾಗ್‌ಬೇನಿಯಲ್ಲಿ ಪಿತೃಕಾರ್ಯ ಮಾಡುವ ಉದ್ದೇಶವಿದ್ದರೆ ಅದಕ್ಕೆ ಪ್ರತ್ಯೇಕ ಹೊತ್ತು ಬೇಕು, ಅದನ್ನು ಇದೇ ದಿನಕ್ಕೆ ತುರುಕಬಾರದು.

ಪ್ರತಿಯೊಬ್ಬರ ಕೈಚೀಲದಲ್ಲಿ ಒಣ ಅವಲಕ್ಕಿ, ಬೆಲ್ಲ, ನೀರಿನ ಬಾಟಲಿ, ನಿತ್ಯದ ಮಾತ್ರೆಗಳು, ಉಣ್ಣೆಯ ಟೊಪ್ಪಿ ಇರಲಿ. ದೊಡ್ಡ ಪೆಟ್ಟಿಗೆಗಳು ಪೊಖರಾದ ಹೋಟೆಲಿನಲ್ಲೇ ಉಳಿಯುವುದರಿಂದ, ರಾತ್ರಿ ಅನಿರೀಕ್ಷಿತವಾಗಿ ತಂಗಬೇಕಾಗಿ ಬಂದರೆ ಬೇಕಾಗುವ ಒಂದು ಜೊತೆ ಬಟ್ಟೆಯನ್ನೂ ಅದರಲ್ಲಿಯೇ ಇಡಿ.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಭಾರತದಿಂದ ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿಯನ್ನು ಮೂಲರೂಪದಲ್ಲಿಯೇ ಒಯ್ಯಬೇಕು. ಮುಕ್ತಿನಾಥವಿರುವ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿಯನ್ನು ಪೊಖರಾ ಅಥವಾ ಕಠ್ಮಂಡುವಿನಲ್ಲಿಯೇ ಮಾಡಿಸಿಕೊಳ್ಳಿ. ನಮ್ಮ ನೂರು ರೂಪಾಯಿಗೆ ನೇಪಾಳದ 160 ರೂಪಾಯಿಯೆಂಬ ದರ ಸ್ಥಿರವಾಗಿದೆ. ಜೀಪು, ಕುದುರೆ, ತಂಗುವ ಕೋಣೆಗಳ ಖರ್ಚಿಗೆ ಅಲ್ಲಿನ ನೋಟುಗಳನ್ನು ಇಬ್ಬರ ಕೈಯಲ್ಲಿ ಹಂಚಿಡಿ. ಪ್ರಯಾಣ ವಿಮೆಯ ಪತ್ರದಲ್ಲಿ ಎಷ್ಟು ಎತ್ತರದವರೆಗೆ ರಕ್ಷಣೆಯಿದೆ, ಹೆಲಿಕಾಪ್ಟರಿನಲ್ಲಿ ಕೆಳಗಿಳಿಸುವ ವೆಚ್ಚ ಅದರಲ್ಲಿ ಸೇರಿದೆಯೇ ಎಂಬ ಎರಡು ಸಾಲುಗಳನ್ನು ಹಣ ಕಟ್ಟುವ ಮೊದಲು ಓದಿ, ಅದರ ದೂರವಾಣಿ ಸಂಖ್ಯೆಯನ್ನು ಪ್ರತಿ ಜೀಪಿನಲ್ಲಿ ಒಬ್ಬರ ಬಳಿಯಾದರೂ ಬರೆದುಕೊಡಿ.