ನಕ್ಷತ್ರ ಸೊಟ್ಟಗೆ ಬರ್ತಿದೆಯಾ? ಸ್ಕ್ರೂ ಮುಟ್ಟುವ ಮುಂಚೆ ಇಷ್ಟು ನೋಡಿ

ಟೆಲಿಸ್ಕೋಪಿನಲ್ಲೋ ಕ್ಯಾಮೆರಾ ಲೆನ್ಸಿನಲ್ಲೋ ತೆಗೆದ ಫೋಟೋದಲ್ಲಿ ನಕ್ಷತ್ರ ದುಂಡಗೆ ಬರಲಿಲ್ಲ ಅಂದ ಕೂಡಲೇ ತುಂಬಾ ಜನ ಕೊಲಿಮೇಷನ್ ಸ್ಕ್ರೂಗೆ (ಟೆಲಿಸ್ಕೋಪಿನ ಕನ್ನಡಿ, ಲೆನ್ಸ್‌ಗಳನ್ನು ಒಂದೇ ಸಾಲಿಗೆ ತರುವ ಸ್ಕ್ರೂ) ಕೈ ಹಾಕುತ್ತಾರೆ. ಸ್ವಲ್ಪ ತಡೀರಿ. ಸ್ಟ್ಯಾಕ್ ಮಾಡಿದ (ಹಲವು ಫ್ರೇಮ್ ಸೇರಿಸಿ ಒಂದಾಗಿಸಿದ) ಚಿತ್ರವನ್ನು ಪಕ್ಕಕ್ಕಿಡಿ, ಬಿಡಿ ಫ್ರೇಮ್ ಒಂದನ್ನು ಪೂರ್ತಿ ಝೂಮ್ ಮಾಡಿ ನಡುಭಾಗ, ನಾಲ್ಕು ಮೂಲೆ ನೋಡಿ.

ಆಮೇಲೆ ಗೇನ್ (ಕ್ಯಾಮೆರಾದ ಐಎಸ್ಒ ಥರದ್ದು) ಏರಿಸಿ 2 ಸೆಕೆಂಡಿನ ಒಂದು ಫ್ರೇಮ್ ತೆಗೆಯಿರಿ. ನಾಯ್ಸ್ ಬಂದರೆ ಬರಲಿ. ಇದರಲ್ಲಿ ದುಂಡಗಿದ್ದು 120 ಸೆಕೆಂಡಿನಲ್ಲಿ ಉದ್ದ ಆಗಿದ್ದರೆ ತೊಂದರೆ ಇರುವುದು ಟ್ರ್ಯಾಕಿಂಗ್‌ನಲ್ಲಿ (ಮೌಂಟ್, ಅಂದರೆ ಟೆಲಿಸ್ಕೋಪ್ ಹೊತ್ತ ಸ್ಟ್ಯಾಂಡ್, ಆಕಾಶದ ಜತೆ ತಿರುಗುವುದರಲ್ಲಿ), ಗಾಜಿನಲ್ಲಲ್ಲ. ಯಾವ ಅಕ್ಷದ್ದು ಅಂತ ತಿಳಿಯಲು ಎಕ್ಸ್‌ಪೋಷರ್ ನಡೆಯುತ್ತಿರುವಾಗಲೇ ಆರ್‌ಎ (ರೈಟ್ ಅಸೆನ್ಷನ್, ಮೌಂಟ್ ಪೂರ್ವ-ಪಶ್ಚಿಮಕ್ಕೆ ತಿರುಗುವ ಅಕ್ಷ) ಬಟನ್ ಒತ್ತಿ, ಮೌಂಟನ್ನು ನಿಧಾನಕ್ಕೆ ಸರಿಸಿ; ಚಿತ್ರದಲ್ಲಿ ಗೆರೆ ಎಳೆದ ದಿಕ್ಕೇ ಆರ್‌ಎ. ನಕ್ಷತ್ರವೂ ಅದೇ ದಿಕ್ಕಿಗೆ ಉದ್ದವಾಗಿದ್ದರೆ ಮೌಂಟಿನ ಗೇರ್, ಬ್ಯಾಲೆನ್ಸ್, ಗೈಡಿಂಗ್ (ಒಂದು ನಕ್ಷತ್ರ ನೋಡುತ್ತಾ ಮೌಂಟನ್ನು ತಿದ್ದುತ್ತಿರುವುದು) ನೋಡಿ. ಅಡ್ಡಕ್ಕಿದ್ದರೆ ಹೆಚ್ಚಾಗಿ ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ಕೆಟ್ಟಿರುತ್ತದೆ. ಒಂದು ಬಿಂದುವಿನ ಸುತ್ತ ಕಮಾನಿನಂತೆ ಬಾಗಿದ್ದರೆ ಅದು ಫೀಲ್ಡ್ ರೊಟೇಷನ್, ಅಂದರೆ ಎಕ್ಸ್‌ಪೋಷರ್ ವೇಳೆ ಇಡೀ ದೃಶ್ಯವೇ ತಿರುಗಿದೆ. ಬರೀ ಟ್ರೈಪಾಡ್ ಆದರೆ ಇಷ್ಟೆಲ್ಲ ಯೋಚನೆಯೇ ಬೇಡ, ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗಕ್ಕೆ ಆರ್ಕ್‌ಸೆಕೆಂಡ್ ಅಂತಾರೆ) ಸರಿಯುತ್ತದೆ, ಎಕ್ಸ್‌ಪೋಷರ್ ಕಡಿಮೆ ಮಾಡಿ ಅಷ್ಟೇ.

2 ಸೆಕೆಂಡಿನಲ್ಲೂ ಸೊಟ್ಟಗಿದೆಯಾ? ಹಾಗಾದರೆ ಆಪ್ಟಿಕ್ಸ್. ನಡುವೆ ಚೆನ್ನಾಗಿದ್ದು ನಾಲ್ಕೂ ಮೂಲೆಯಲ್ಲಿ ಒಂದೇ ಥರ ಎಳೆದಂತಿದ್ದರೆ ಕೋಮಾ (ಅಂಚಿನ ನಕ್ಷತ್ರಕ್ಕೆ ಬಾಲ ಬರುವ ದೋಷ), ಇಲ್ಲವೇ ಫ್ಲಾಟ್‌ನರ್‌ನಿಂದ (ಮೂಲೆಯವರೆಗೂ ಫೋಕಸ್ ಸಮ ಮಾಡುವ ಲೆನ್ಸ್) ಸೆನ್ಸರ್‌ಗೆ ಇರಬೇಕಾದ ದೂರ ತಪ್ಪಿದೆ. ಬಹಳಷ್ಟು ಫ್ಲಾಟ್‌ನರ್‌ಗಳಿಗೆ ಇದು 55 ಮಿ.ಮೀ., ಒಂದು ಮಿ.ಮೀ. ಆಚೀಚೆ ಆದರೂ ಮೂಲೆಯಲ್ಲಿ ಗೊತ್ತಾಗಬಹುದು. ಕ್ಯಾಮೆರಾ ಲೆನ್ಸ್ ಆದರೆ ಅಪರ್ಚರನ್ನು (ಬೆಳಕು ಬರುವ ಕಿಂಡಿ) ಎಫ್/1.8 ಬಿಟ್ಟು ಎಫ್/2.8ಗೋ 4ಕ್ಕೋ ಇಳಿಸಿ, ಅರ್ಧ ತಲೆನೋವು ಹೋಗುತ್ತದೆ.

ಒಂದೇ ಮೂಲೆ ಕೆಟ್ಟಿದ್ದರೆ ಟಿಲ್ಟ್, ಅಂದರೆ ಸೆನ್ಸರ್ ಬೆಳಕಿನ ದಾರಿಗೆ ನೇರವಾಗಿಲ್ಲದೆ ವಾಲಿದೆ. ಕ್ಯಾಮೆರಾವನ್ನು ಮಾತ್ರ 180 ಡಿಗ್ರಿ ತಿರುಗಿಸಿ ಮತ್ತೆ ತೆಗೆಯಿರಿ. ಚಿತ್ರದಲ್ಲಿ ಅದೇ ಮೂಲೆಯೇ ಕೆಟ್ಟಿದ್ದರೆ ಕ್ಯಾಮೆರಾ ಕಡೆಯದು, ಎದುರು ಮೂಲೆಗೆ ಹೋದರೆ ಫೋಕಸರ್ (ಫೋಕಸ್ ಹೊಂದಿಸುವ ಕೊಳವೆ) ಕಡೆಯದು. ನನ್ನ ಪ್ರಕಾರ ಟಿಲ್ಟ್ ಪ್ಲೇಟ್ ಕೊಳ್ಳುವ ಮುಂಚೆ ಸುಮ್ನೆ ಅಡಾಪ್ಟರ್‌ಗಳನ್ನೆಲ್ಲ ಬಿಚ್ಚಿ, ಒರೆಸಿ, ನೇರವಾಗಿ ಬಿಗಿ ಮಾಡಿ ನೋಡುವುದು ಒಳ್ಳೆಯದು.

ಪ್ರಕಾಶಮಾನ ನಕ್ಷತ್ರಗಳು ಎಲ್ಲಾ ಕಡೆ ತ್ರಿಕೋನವಾಗಿದ್ದರೆ ಕನ್ನಡಿಯನ್ನೋ ಲೆನ್ಸನ್ನೋ ಮೂರು ಕಡೆ ಹಿಡಿದಿರುವ ಕ್ಲಿಪ್, ಸ್ಕ್ರೂ ಜಾಸ್ತಿ ಬಿಗಿಯಾಗಿರಬಹುದು. ಚಳಿಗೆ ಲೋಹ ಕುಗ್ಗಿದಾಗ ಇದು ಇನ್ನೂ ಹೆಚ್ಚಾಗುತ್ತದೆ. ನಕ್ಷತ್ರದ ಒಂದು ಬದಿ ಕಚ್ಚಿ ತೆಗೆದಂತೆ ಕಂಡರೆ ನ್ಯೂಟೋನಿಯನ್‌ನಲ್ಲಿ (ಕನ್ನಡಿಯಿಂದ ಬೆಳಕು ಸೇರಿಸುವ ಟೆಲಿಸ್ಕೋಪ್) ಫೋಕಸರ್ ಕೊಳವೆ ಒಳಗೆ ಚಾಚಿಕೊಂಡು ಬೆಳಕಿಗೆ ಅಡ್ಡ ಬರ್ತಿದೆಯಾ ಅಂತ ಇಣುಕಿ ನೋಡಿ.

ಇನ್ನು ನ್ಯೂಟೋನಿಯನ್‌ನಲ್ಲಿ ಕಾಣುವ ನಾಲ್ಕು ಮೊನೆಗಳು ದೋಷವೇ ಅಲ್ಲ, ಚಿಕ್ಕ ಕನ್ನಡಿ ಹಿಡಿದಿರುವ ನಾಲ್ಕು ಪಟ್ಟಿಗಳಿಂದ ಬರುವಂಥವು, ಮೂರು ಪಟ್ಟಿ ಇದ್ದರೆ ಆರು ಮೊನೆ. ಆದರೆ ಒಂದೊಂದು ಮೊನೆಯೂ ಸೀಳಿ ಎರಡಾಗಿದ್ದರೆ ಫೋಕಸ್ ಸ್ವಲ್ಪ ಜಾರಿದೆ, ಅಥವಾ ಪಟ್ಟಿಗಳು ಒಂದೇ ಸಾಲಿನಲ್ಲಿಲ್ಲ.