ಮುಳ್ಳು ಏಳದಿದ್ದರೆ ಮೊದಲು ಮೀಟರಿಗೆ ಕೈ ಹಾಕಬೇಡಿ

ತೀರ್ಥಹಳ್ಳಿ ಕಡೆ ಹಳೇ ಅಂಬಾಸಿಡರ್, ಪದ್ಮಿನಿ ಕಾರು ಇಟ್ಟುಕೊಂಡವರು ಮಳೆಗಾಲ ಮುಗಿಯುತ್ತಿದ್ದಂತೆ ನನ್ನನ್ನು ಕೇಳುವುದು ಒಂದೇ ಮಾತು. "ಪೆಟ್ರೋಲ್ ಮುಳ್ಳು ಏಳ್ತಾನೇ ಇಲ್ಲ ಮಾರಾಯ್ರೆ, ಮೀಟರ್ ಎಲ್ಲಿ ಸಿಗುತ್ತೆ?" ಮೀಟರ್ ಆಮೇಲೆ ಹುಡುಕೋಣ. ನಾನು ನೋಡಿದ ಗಾಡಿಗಳಲ್ಲಿ ಮೀಟರೇ ಕೆಟ್ಟಿದ್ದು ಕಡಿಮೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಗೆ ಶೀತ ಹಿಡಿದಿರುತ್ತದೆ, ವೈರಿನ ತುದಿಗಳಿಗೆ ಕಿಲುಬು ಬಂದಿರುತ್ತದೆ. ಅಡಿಕೆ ಮೂಟೆಗಳ ಪಕ್ಕ ನಿಲ್ಲಿಸುವವರಾದರೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ.

ಒಂದು ಮಲ್ಟಿಮೀಟರ್, ಉದ್ದದ ವೈರ್, ಎಮರಿ ಪೇಪರ್, 12 ವೋಲ್ಟಿನ ಸಣ್ಣ ಬಲ್ಬು ಇಷ್ಟಿದ್ದರೆ ಸಾಕು. ತುಂಬಾ ಹಳೇ ಗಾಡಿಯಾದರೆ ಬ್ಯಾಟರಿಯ ಯಾವ ತುದಿ ಗಾಡಿಯ ಲೋಹದ ಬಾಡಿಗೆ ಸೇರಿದೆ ಅಂತ ಮೊದಲೇ ನೋಡಿಕೊಳ್ಳಿ. ಕೆಲವದರಲ್ಲಿ ಪ್ಲಸ್ಸೇ ಬಾಡಿಗೆ ಇರುತ್ತದೆ.

ಈಗ ಕೀ ಆನ್ ಮಾಡಿ ಸುಮ್ನೆ ಮುಳ್ಳು ನೋಡುತ್ತಾ ಕೂತಿರಿ. ಪೆಟ್ರೋಲ್, ಟೆಂಪರೇಚರ್ ಎರಡೂ ಮಲಗಿದ್ದರೆ ಎರಡು ಮೀಟರ್ ಒಟ್ಟಿಗೇ ಸತ್ತಿರುವುದಿಲ್ಲ ಅಲ್ವಾ? ಎರಡಕ್ಕೂ ಕರೆಂಟ್ ಕೊಡುವ ಫ್ಯೂಸ್, ವೈರ್ ನೋಡಿ. ಮುಳ್ಳು ನಿಧಾನಕ್ಕೆ ಏಳುವ ಜಾತಿಯದಾದರೆ ಒಳಗೆ ಬಿಸಿಯಾಗಿ ಬಾಗುವ ಪಟ್ಟಿ ಇದೆ ಅಂತ ಅರ್ಥ. ಅಂಥ ಮೀಟರುಗಳ ಹಿಂದೆ ಸಾಮಾನ್ಯವಾಗಿ ವೋಲ್ಟೇಜ್ ಸ್ಟೆಬಿಲೈಜರ್ ಅನ್ನೋ ಪುಟ್ಟ ಡಬ್ಬಿ ಇರುತ್ತದೆ. ಹಳೇ ಬ್ರಿಟಿಷ್ ಮಾದರಿಯದು ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟಿಗೆ ಇಳಿಸುತ್ತದೆ. ಹಾಗಾಗಿ ಡಬ್ಬಿಯಿಂದ ಮೀಟರಿಗೆ ಹೋಗುವ ತುದಿಗೆ ಹಿಡಿದ ಮಲ್ಟಿಮೀಟರ್ ಕುಣಿದರೆ ಗಾಬರಿ ಬೇಡ, ಅದು ಸರಿಯಾಗೇ ಇದೆ. ಕುಣಿಯದೆ ಬ್ಯಾಟರಿಯಷ್ಟೇ ತೋರಿಸುತ್ತಾ ನಿಂತು, ಎರಡೂ ಮುಳ್ಳು ಮಿತಿಮೀರಿ ಮೇಲೇರಿದರೆ ಡಬ್ಬಿಯ ಅರ್ತ್, ಅಂದರೆ ಬಾಡಿಯ ಜೊತೆಗಿನ ಸಂಪರ್ಕ, ಹೋಗಿದೆ. ಅದರ ಸ್ಕ್ರೂ ಬಿಚ್ಚಿ, ಕೆಳಗಿನ ತಗಡು ಉಜ್ಜಿ ಮತ್ತೆ ಬಿಗಿ ಮಾಡಿ.

ಪೆಟ್ರೋಲ್ ಮುಳ್ಳು ಮಾತ್ರ ಏಳದಿದ್ದರೆ ಟ್ಯಾಂಕಿನ ಹತ್ತಿರ ಹೋಗಿ. ಬೀಡಿ, ಸಿಗರೇಟು ದೂರ ಇಡಿ. ಟ್ಯಾಂಕಿನೊಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಮೀಟರಿಗೆ ತಿಳಿಸುವುದು ಫ್ಲೋಟ್. ಕೀ ಆಫ್ ಮಾಡಿಯೇ ಅದರ ವೈರ್ ಬಿಚ್ಚಿ, ಬಲ್ಬಿನ ಮೂಲಕ ಬಾಡಿಗೆ ಕಟ್ಟಿ. ಆಮೇಲೆ ಕೀ ಆನ್ ಮಾಡಿ, ಟ್ಯಾಂಕಿನ ಬಳಿ ಕಿಡಿ ಹಾರುವುದಿಲ್ಲ. ಮುಳ್ಳು ಕದಲಿತಾ? ಹಾಗಾದರೆ ಮೀಟರೂ ಸರಿ, ವೈರೂ ಸರಿ. ಯಾವ ಕಡೆಗೆ ಹೋಗುತ್ತದೆ ಅನ್ನೋದು ಗಾಡಿ ಮೇಲೆ. ನೋಡಿದ ಕೂಡಲೇ ಆಫ್ ಮಾಡಿ.

ಇನ್ನು ಉಳಿದದ್ದು ಫ್ಲೋಟ್ ಮತ್ತು ಅದರ ಅರ್ತ್. ವೈರ್ ವಾಪಸ್ ಹಾಕಿ. ಫ್ಲೋಟಿನ ಲೋಹದ ಮುಚ್ಚಳದಿಂದ ಚಾಸಿಗೆ ಇನ್ನೊಂದು ವೈರ್ ಎಳೆಯಿರಿ, ಇದನ್ನೂ ಕೀ ಆಫ್ ಇದ್ದಾಗಲೇ. ಎಷ್ಟೋ ಗಾಡಿಗಳಲ್ಲಿ ಇಲ್ಲಿಗೇ ಕೆಲಸ ಮುಗಿಯುತ್ತದೆ. ಅರ್ತ್ ವೈರಿನ ರಿಂಗ್ ಬಿಚ್ಚಿ ನೋಡಿದರೆ ಬೋಲ್ಟಿನ ಸುತ್ತ ಹಸಿರು ಪುಡಿ ಕೂತಿರುತ್ತದೆ. ರಿಂಗಿನ ಎರಡೂ ಕಡೆ ಲೋಹ ಹೊಳೆಯುವ ತನಕ ಉಜ್ಜಿ. ಬಾಡಿಯ ಬಣ್ಣವನ್ನೂ ಕೆರೆದು ತಗಡು ಕಾಣಿಸಿ, ಬಿಗಿ ಮಾಡಿದ ಮೇಲೆ ತುಸು ವ್ಯಾಸಲೀನ್ ಹಚ್ಚಿ. ನಮ್ಮ ಮಳೆಗೆ ಬರೀ ಉಜ್ಜಿ ಬಿಟ್ಟರೆ ಮುಂದಿನ ವರ್ಷ ಮತ್ತದೇ ಪಾಡು.

ಅದಕ್ಕೂ ಜಗ್ಗದಿದ್ದರೆ ಫ್ಲೋಟ್ ಹೊರಗೆ ತೆಗೆಯಬೇಕು. ಹಿತ್ತಾಳೆ ಬುರುಡೆ ಅಲ್ಲಾಡಿಸಿದಾಗ ಒಳಗೆ ಗುಳುಗುಳು ಅಂದರೆ ತೂತಾಗಿ ಪೆಟ್ರೋಲ್ ಕುಡಿದಿದೆ. ಅದು ತೇಲುವುದಿಲ್ಲ, ಮುಳ್ಳು ಏಳುವುದಿಲ್ಲ. ಬೆಸುಗೆ ಹಾಕಲು ಹೋಗಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಬೇರೆ ಹಾಕಿ.

ಟೆಂಪರೇಚರ್ ಮೀಟರ್ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವವರಿಗೆ ಬೇಕೇ ಬೇಕು. ವೈರ್ ಇರುವ ಮಾದರಿಗೆ ಪರೀಕ್ಷೆ ಹಾಗೆಯೇ: ಎಂಜಿನ್ನಿನ ಸೆನ್ಸರ್ ವೈರನ್ನು ಬಲ್ಬಿನ ಮೂಲಕ ಬಾಡಿಗೆ ಕೊಟ್ಟರೆ ಮುಳ್ಳು ಬಿಸಿ ಕಡೆಗೆ ಹೋಗಬೇಕು. ಹೋದರೆ ಸೆನ್ಸರ್ ಬಿಚ್ಚಿ ಬಿಸಿನೀರಿಗೆ ಇಳಿಸಿ ಮಲ್ಟಿಮೀಟರಿನಲ್ಲಿ ಓಮ್, ಅಂದರೆ ಕರೆಂಟಿಗಿರುವ ತಡೆ, ಅಳೆಯಿರಿ. ನೀರು ಕಾದಂತೆ ಓಮ್ ಇಳಿಯಬೇಕು. ವಾಪಸ್ ಹಾಕುವಾಗ ಸೆನ್ಸರಿನ ಸ್ಕ್ರೂ ಮರೆಗೆ (ಥ್ರೆಡ್ಡಿಗೆ) ಬಿಳಿ ಟೇಪ್ ದಪ್ಪಗೆ ಸುತ್ತಬೇಡಿ, ಅರ್ತ್ ತಪ್ಪುತ್ತದೆ. ವೈರಿನ ಬದಲು ಸಣ್ಣ ತಾಮ್ರದ ನಳಿಗೆ ಇದ್ದರೆ ಅದನ್ನು ಮಡಚಲೂ ಬೇಡಿ, ಕತ್ತರಿಸಲೂ ಬೇಡಿ.

ಸ್ಪೀಡ್ ಮುಳ್ಳು ನಡುಗಿದರೆ ಮೊದಲು ಕೇಬಲ್ ನೋಡಿ. ಒಳಗಿನ ತಂತಿ ಎಳೆದು ಒರೆಸಿ ತೆಳ್ಳಗೆ ಗ್ರೀಸ್ ಸವರಿ. ಮೀಟರ್ ಕಡೆಯ ಒಂದು ಗೇಣು ಬಿಟ್ಟುಬಿಡಿ, ಇಲ್ಲದಿದ್ದರೆ ಗ್ರೀಸ್ ಮೀಟರಿನೊಳಕ್ಕೆ ಏರುತ್ತದೆ.

ಆಂಪಿಯರ್ ಮೀಟರ್ ಇದ್ದರೆ ಅದರ ಮಾತೇ ಬೇರೆ. ಗಾಡಿಯ ಹೆಚ್ಚಿನ ಕರೆಂಟೆಲ್ಲ ಅದರ ಮೂಲಕವೇ ಹರಿಯುತ್ತದೆ, ನಡುವೆ ಫ್ಯೂಸ್ ಕೂಡ ಇರದೇ ಇರಬಹುದು. ನಟ್ಟು ಸಡಿಲವಾದರೆ ಬಿಸಿಯಾಗಿ ವೈರ್ ಸುಡುತ್ತದೆ. ಬ್ಯಾಟರಿ ಬಿಚ್ಚದೆ ಅದರ ಹಿಂದೆ ಕೈ ಹಾಕಲೇಬೇಡಿ.